ಒಣ ಜಿಲ್ಲೆಗೆ ಗದ್ದೆಯ ಜ್ವರ ಬಂದದ್ದು ಹೇಗೆ? ಕೋಲಾರದ ಮೆದುಳು ಜ್ವರ: ಒಂದು ಪ್ರಕರಣ ಅಧ್ಯಯನ

ಕೋಲಾರ ಅಂದ ತಕ್ಷಣ ಕಣ್ಣ ಮುಂದೆ ಬರುವುದು ಒಣ ನೆಲ. ಸಾವಿರ ಅಡಿ ಕೊರೆದರೂ ನೀರು ಸಿಗದ ಬೋರ್‌ವೆಲ್, ಟೊಮೆಟೊ ಮಂಡಿ, ರಾಗಿ ಹೊಲ, ಬೆಳಗಿನ ಜಾವ ಡೇರಿ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತ ಸಾಲು. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಆದರೆ ದೇಶದ ಜಪಾನೀಸ್ ಎನ್ಸೆಫಲೈಟಿಸ್ ಚರಿತ್ರೆ ತೆಗೆದು ನೋಡಿದರೆ ಈ ಜಿಲ್ಲೆಯ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ನಮ್ಮ ಕಡೆ ಇದನ್ನು ಸುಮ್ನೆ ಮೆದುಳು ಜ್ವರ ಅಂತಾರೆ. ಆಸ್ಪತ್ರೆಯವರು ಜೆಇ ಅಂತಾರೆ.

ಈ ಜ್ವರದ ವೈರಸ್ಸನ್ನು ಹೊತ್ತು ತಿರುಗುವ ಸೊಳ್ಳೆ ಹುಟ್ಟುವುದು ನೀರು ನಿಂತ ಭತ್ತದ ಗದ್ದೆಯಲ್ಲಿ. ಹಾಗಿದ್ದರೆ ಮಳೆಯೂ ಗದ್ದೆಯೂ ಬೇಕಾದಷ್ಟಿರುವ ಮಲೆನಾಡಿನಲ್ಲಿ ಇದು ಮೊದಲು ಕಾಣಬೇಕಿತ್ತು, ಅಲ್ವಾ? ಎಪ್ಪತ್ತರ ದಶಕದ ಕೊನೆಯಲ್ಲಿ, 1977ರಿಂದ 79ರ ನಡುವೆ, ಮಕ್ಕಳು ಜ್ವರ ಬಂದು, ಫಿಟ್ಸ್ ಬಂದು, ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದ ಸುದ್ದಿ ಬಂದದ್ದು ಕೋಲಾರದಿಂದ. ಯಾಕೆ ಅನ್ನುವುದೇ ಈ ಬರಹದ ಪ್ರಶ್ನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಳೆಯ ವರದಿಗಳ 'ಕೋಲಾರ' ಇವತ್ತಿನ ಕೋಲಾರ ಅಲ್ಲ. 2007ರವರೆಗೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಬಾಗೇಪಲ್ಲಿ ಎಲ್ಲವೂ ಅದರೊಳಗೇ ಇದ್ದವು. ಹಳೆಯ ಅಂಕಿಯನ್ನು ಇವತ್ತಿನ ನಕ್ಷೆಯ ಮೇಲೆ ಹಾಕಿ ಜಾಸ್ತಿಯಾಯ್ತು ಕಡಿಮೆಯಾಯ್ತು ಎನ್ನುವವರು ಇದನ್ನು ಮರೆಯುತ್ತಾರೆ. ನಾನೂ ಒಮ್ಮೆ ಮರೆತಿದ್ದೆ.

ನಾವು ಇದರ ದಾರಿಯಲ್ಲೇ ಇಲ್ಲ

ಈ ವೈರಸ್ಸಿಗೆ ಮನುಷ್ಯ ಬೇಕಾಗಿಲ್ಲ. ಇದೊಂದನ್ನು ಹಿಡಿದುಕೊಂಡರೆ ಉಳಿದದ್ದೆಲ್ಲ ಸುಲಭ. ಅದರ ಮನೆ ಬೆಳ್ಳಕ್ಕಿ, ಕೊಕ್ಕರೆ, ಬಕದಂಥ ನೀರಹಕ್ಕಿಗಳು. ಹಕ್ಕಿಯಿಂದ ಸೊಳ್ಳೆಗೆ, ಸೊಳ್ಳೆಯಿಂದ ಹಕ್ಕಿಗೆ ಅದು ತನ್ನ ಪಾಡಿಗೆ ತಾನು ಓಡಾಡಿಕೊಂಡಿರುತ್ತದೆ. ನಡುವೆ ಹಂದಿ ಬಂದರೆ ಆಟವೇ ಬೇರೆ. ಸೋಂಕಿದ ಹಂದಿಯ ರಕ್ತದಲ್ಲಿ ಕೆಲವು ದಿನ ವೈರಸ್ ಹೇರಳವಾಗಿರುತ್ತದೆ. ಆ ದಿನಗಳಲ್ಲಿ ಕಚ್ಚಿದ ಸೊಳ್ಳೆಗಳು ಒಂದೆರಡು ವಾರದಲ್ಲಿ ತಾವೂ ಹರಡಲು ಸಿದ್ಧ. ಗಬ್ಬದ ಹಂದಿಯನ್ನು ಬಿಟ್ಟರೆ ದೊಡ್ಡ ಹಂದಿಗೆ ಇದರಿಂದ ಏನೂ ಆದಂತೆ ಕಾಣುವುದಿಲ್ಲ. ಒಮ್ಮೆ ಸೋಂಕಿದ ಹಂದಿ ಮತ್ತೆ ವೈರಸ್ಸಿಗೆ ಉಪಯೋಗಕ್ಕೆ ಬರುವುದಿಲ್ಲ, ನಿಜ. ಆದರೆ ಹಂದಿ ವರ್ಷಕ್ಕೆ ಎರಡು ಸಲ ಈಯುತ್ತದೆ, ಒಂದೊಂದು ಸಲಕ್ಕೂ ಎಂಟು ಹತ್ತು ಮರಿ. ತಾಯಿ ಹಾಲಿನಿಂದ ಬಂದ ರಕ್ಷಣೆ ಕೆಲವು ತಿಂಗಳಲ್ಲಿ ಮುಗಿಯುತ್ತದೆ. ಹೀಗೆ ಪ್ರತಿ ವರ್ಷ ಹೊಸ ಮರಿಗಳ ಸಾಲು ವೈರಸ್ಸಿಗೆ ತಯಾರಾಗಿ ನಿಂತಿರುತ್ತದೆ.

ಮನುಷ್ಯನಿಗೆ ಕಚ್ಚಿದರೆ ದಾರಿ ಅಲ್ಲಿಗೇ ಮುಗಿಯಿತು. ನಮ್ಮ ರಕ್ತದಲ್ಲಿ ವೈರಸ್ ಇನ್ನೊಂದು ಸೊಳ್ಳೆಗೆ ದಾಟುವಷ್ಟು ಸೇರುವುದಿಲ್ಲ. ಆದ್ದರಿಂದ ಒಂದು ಮಗುವಿಂದ ಪಕ್ಕದ ಮನೆ ಮಗುವಿಗೆ ಇದು ಬರುವುದಿಲ್ಲ. ಡೆಂಗಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಡೆಂಗಿಯ ನಕ್ಷೆ ಬರೆದರೆ ಮನುಷ್ಯರ ಓಡಾಟ ಕಾಣುತ್ತದೆ: ಬಸ್ ನಿಲ್ದಾಣ, ಪೇಟೆ, ಒತ್ತೊತ್ತಾದ ಬೀದಿ. ಜೆಇ ನಕ್ಷೆ ಬರೆದರೆ ಕಾಣುವುದು ಬೇರೆಯವರ ಓಡಾಟದ ನೆರಳು. ಕಾಯಿಲೆ ಬಿದ್ದ ಮಕ್ಕಳ ಊರಿಗೆ ಗುರುತು ಹಾಕಿದ್ದೀವಿ ಅಂದುಕೊಳ್ಳುತ್ತೇವೆ. ನಿಜಕ್ಕೂ ಗುರುತು ಬಿದ್ದಿರುವುದು ಹಕ್ಕಿ, ಹಂದಿ, ಗದ್ದೆ ಮೂರೂ ಸೊಳ್ಳೆಯ ಹಾರಾಟದ ಅಳತೆಯೊಳಗೆ ಒಟ್ಟಿಗೆ ಸಿಕ್ಕ ಜಾಗಕ್ಕೆ.

ಆ ಸೊಳ್ಳೆಯ ಹೆಸರು ಕ್ಯುಲೆಕ್ಸ್ ಟ್ರೈಟೀನಿಯೋರಿಂಕಸ್. ಬಾಯಿ ತಿರುಗದ ಹೆಸರು. ಅದಕ್ಕೆ ವಿಷ್ಣುಯಿ, ಸ್ಯೂಡೋವಿಷ್ಣುಯಿ ಅನ್ನುವ ಅಣ್ಣತಮ್ಮಂದಿರಿದ್ದಾರೆ. ಮೂರನ್ನೂ ಸೇರಿಸಿ ವಿಷ್ಣುಯಿ ಗುಂಪು ಅಂತ ಕರೆಯುವುದು ವಾಡಿಕೆ. ಮನೆಯ ಡ್ರಮ್ಮಿನಲ್ಲಿ, ಹೂವಿನ ಕುಂಡದಲ್ಲಿ ಇವು ಹುಟ್ಟುವುದಿಲ್ಲ. ಗದ್ದೆ ಬೇಕು, ಕೆರೆಯ ಅಂಚು ಬೇಕು. ಹೊತ್ತು ಮುಳುಗಿದ ಮೇಲೆ ಹೊರಗೆ ಬರುತ್ತವೆ, ಮನೆಯೊಳಗಿಗಿಂತ ಹೊರಗೆ ಕಚ್ಚುವುದೇ ಜಾಸ್ತಿ.

ಕೆರೆ ಕೆಳಗಿನ ಹಸಿರು ತುಂಡು

ಈಗ ಕೋಲಾರಕ್ಕೆ ಬರೋಣ. ನದಿ ಇಲ್ಲ ಅಂದೆ. ಅದಕ್ಕೇ ಹಿಂದಿನವರು ಕೆರೆ ಕಟ್ಟಿದರು. ಹಳೆಯ ಕೋಲಾರ ಜಿಲ್ಲೆಯಲ್ಲಿ 4 ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ, ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ, ಹೀಗೆ ಮೆಟ್ಟಿಲ ಹಾಗೆ ಇಳಿಯುವ ಸರಣಿ. ಒಂದೊಂದು ಏರಿಯ ಕೆಳಗೂ ಒಂದು ಅಚ್ಚುಕಟ್ಟು. ಸುತ್ತ ಕೆಂಪು ಬೆದ್ದಲು, ನಡುವೆ ತೂಬಿನ ನೀರಿನಲ್ಲಿ ಒಂದು ತುಂಡು ಭತ್ತದ ಗದ್ದೆ. ಏರಿಯ ಮೇಲೆ ಜಾಲಿ ಮರ, ಮರದ ತುಂಬ ಬೆಳ್ಳಕ್ಕಿ. ಗದ್ದೆ ಬಯಲಿನಿಂದ ಊರು ಕೂಗಳತೆ ದೂರ. ಊರ ಅಂಚಿನಲ್ಲಿ ಹಂದಿ ಹಟ್ಟಿ.

ಮಲೆನಾಡಿನ ಗದ್ದೆಗೂ ಈ ಗದ್ದೆಗೂ ವ್ಯತ್ಯಾಸ ಇರುವುದೇ ಇಲ್ಲಿ. ಅಲ್ಲಿ ನೀರು ಎಲ್ಲೆಡೆ ಇದೆ. ಮಳೆ ಸುರಿಯುತ್ತಲೇ ಇದ್ದರೆ ಸೊಳ್ಳೆಯ ಮರಿಗಳು ಕೊಚ್ಚಿಕೊಂಡು ಹೋಗುತ್ತವೆ. ಹಕ್ಕಿಗೆ ಕೂರಲು ನೂರು ಜಾಗ. ಕೋಲಾರದಲ್ಲಿ ಹಾಗಲ್ಲ. ನೀರು ಕಂಡದ್ದು ಒಂದೇ ಕಡೆ ಅಂದ ಮೇಲೆ ಹಕ್ಕಿಯೂ ಅಲ್ಲಿಗೇ, ದನವೂ ಅಲ್ಲಿಗೇ, ಹಂದಿಯೂ ಅಲ್ಲಿಗೇ, ಸಂಜೆ ಆಡಲು ಮಕ್ಕಳೂ ಅಲ್ಲಿಗೇ. ನನ್ನ ಅನಿಸಿಕೆಯಲ್ಲಿ ಕೋಲಾರದ ಪ್ರಕರಣ ಕಲಿಸುವುದು ಇದನ್ನೇ. ಒಂದು ಜಿಲ್ಲೆಯಲ್ಲಿ ಎಷ್ಟು ನೀರಿದೆ ಅನ್ನುವುದಕ್ಕಿಂತ ಆ ನೀರಿನ ಸುತ್ತ ಯಾರ್ಯಾರು ಒತ್ತೊತ್ತಾಗಿ ಸೇರುತ್ತಾರೆ ಅನ್ನುವುದು ದೊಡ್ಡದು.

ಸುಮ್ಮನೆ ಊಹೆ ಅಲ್ಲ ಇದು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಕೋಲಾರ ಜಿಲ್ಲೆಯ ಕಾಡುಹಕ್ಕಿಗಳ ರಕ್ತ ಪರೀಕ್ಷಿಸಿದಾಗ, ನೀರಿನ ಹತ್ತಿರ ಓಡಾಡುವ ಹಕ್ಕಿಗಳಲ್ಲೂ ನೆಲದ ಹಕ್ಕಿಗಳಲ್ಲೂ ಈ ವೈರಸ್ಸಿನ ಗುರುತು ಸಿಕ್ಕಿತು. ಅದರ ಜೊತೆಗೆ ವೆಸ್ಟ್ ನೈಲ್ ಅನ್ನುವ ಇನ್ನೊಂದು ವೈರಸ್ಸಿನ ಗುರುತೂ ಸಿಕ್ಕಿತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ವರ್ಷಕ್ಕೆ ಎರಡು ಸಲ

ಎಲ್ಲಿ ಅನ್ನುವ ಪ್ರಶ್ನೆಯ ಹಿಂದೆಯೇ ಯಾವಾಗ ಅನ್ನುವುದೂ ಬರುತ್ತದೆ. ಉತ್ತರ ಭಾರತದಲ್ಲಿ ಜೆಇ ಕಾಲ ಒಂದೇ: ಮುಂಗಾರು ಶುರುವಾದ ಮೇಲೆ ಏರಿ, ಚಳಿ ಬರುವ ಹೊತ್ತಿಗೆ ಇಳಿಯುತ್ತದೆ. ಕರ್ನಾಟಕದಲ್ಲಿ ಎರಡು ಅಲೆ ದಾಖಲಾಗಿವೆ. ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಜೋರಾದದ್ದು, ಏಪ್ರಿಲ್‌ನಿಂದ ಜುಲೈವರೆಗೆ ಸಣ್ಣದು.

ಕೋಲಾರದ ರೈತನಿಗೆ ಇದರಲ್ಲಿ ಆಶ್ಚರ್ಯ ಇಲ್ಲ. ಇಲ್ಲಿ ಮಳೆ ಜೋರಾಗುವುದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಕೆರೆ ತುಂಬುವುದು ಆಗ. ತುಂಬಿದ ಕೆರೆ ನೋಡಿ ನಾಟಿ. ನಾಟಿಯಾದ ಮೊದಲ ಕೆಲವು ವಾರ ಗದ್ದೆಯಲ್ಲಿ ನೀರು ತೆಳ್ಳಗೆ, ಬಿಸಿಲು ತಾಗುವಂತೆ ನಿಂತಿರುತ್ತದೆ. ಪೈರು ಇನ್ನೂ ಚಿಕ್ಕದು. ವಿಷ್ಣುಯಿ ಗುಂಪಿನ ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ತೊಟ್ಟಿಲು ಇಲ್ಲ. ಪೈರು ಎತ್ತರವಾಗಿ ನೀರನ್ನು ಮುಚ್ಚಿದ ಮೇಲೆ ಅವು ಕಡಿಮೆಯಾಗುತ್ತವೆ. ಅಂದರೆ ಅಪಾಯ ಮಳೆಯ ದಿನದ್ದಲ್ಲ. ನಾಟಿಯ ದಿನದಿಂದ ಎಣಿಸಬೇಕು. ಮೊಟ್ಟೆ ಸೊಳ್ಳೆಯಾಗಲು ಸುಮಾರು ಹತ್ತು ದಿನ, ಹಂದಿಯಿಂದ ಪಡೆದ ವೈರಸ್ ಸೊಳ್ಳೆಯೊಳಗೆ ಹಣ್ಣಾಗಲು ಒಂದೆರಡು ವಾರ, ಕಚ್ಚಿಸಿಕೊಂಡ ಮಗುವಿಗೆ ಜ್ವರ ಕಾಣಲು 4ರಿಂದ 14 ದಿನ. ಕೂಡಿಸಿ ನೋಡಿ. ನಾಟಿಗೂ ಆಸ್ಪತ್ರೆಗೂ ನಡುವೆ ಒಂದು ತಿಂಗಳ ಅಂತರ ಸುಲಭವಾಗಿ ಬೀಳುತ್ತದೆ. ಮಕ್ಕಳು ಕಾಯಿಲೆ ಬೀಳುವ ಹೊತ್ತಿಗೆ ಗದ್ದೆಯಲ್ಲಿ ಪೈರು ಎತ್ತರವಾಗಿರುತ್ತದೆ, ಸೊಳ್ಳೆ ಇಳಿದಿರುತ್ತದೆ. ಆಗ ಹೊಗೆ ಮಿಷಿನ್ ತಂದು ಬೀದಿ ಬೀದಿಗೆ ಹೊಗೆ ಹಾಕುವುದು ಕಳ್ಳ ಹೋದ ಮೇಲೆ ಬಾಗಿಲು ಹಾಕಿದಂತೆ.

ಕೆರೆಯಲ್ಲಿ ಉಳಿದ ನೀರು ನೋಡಿಕೊಂಡು ಕೆಲವರು ಬೇಸಿಗೆ ಬೆಳೆಯನ್ನೂ ಇಡುತ್ತಿದ್ದರು. ಬೇಸಿಗೆ ಗದ್ದೆ ಕಡಿಮೆ, ಆದ್ದರಿಂದ ಆ ಹೊತ್ತಿನ ಅಲೆಯೂ ಚಿಕ್ಕದು ಅಂತ ನಾನು ಓದಿಕೊಳ್ಳುತ್ತೇನೆ.

ನೀರುಗಂಟಿಯ ವಿಷಯ ಇಲ್ಲಿ ಹೇಳಲೇಬೇಕು. ತೂಬು ಎತ್ತುವುದು, ಯಾರ ಗದ್ದೆಗೆ ಯಾವ ದಿನ ನೀರು ಅಂತ ಪಾಳಿ ಹಾಕುವುದು ಅವನ ಕೆಲಸ. ನಮ್ಮ ಸಂಬಂಧಿಕರ ಊರಿನಲ್ಲಿ ವಯಸ್ಸಾದ ನೀರುಗಂಟಿ ತಾತ ಒಬ್ಬರಿದ್ದರು. "ಕೆರೇಲಿ ನೀರು ಕಮ್ಮಿ ಇದ್ದಾಗ ಗದ್ದೆ ಬಿರುಕು ಬಿಡೋ ಹೊತ್ತಿಗೆ ನೀರು ಬಿಡ್ತಿದ್ವಿ. ಪೈರೇನೂ ಸಾಯ್ತಿರಲಿಲ್ಲ ಕಣಪ್ಪಾ," ಅಂತಿದ್ದರು. ಭತ್ತದ ಗದ್ದೆಯನ್ನು ಹೀಗೆ ಆಗಾಗ ಒಣಗಿಸಿ ಮತ್ತೆ ನೀರು ಹಾಯಿಸಿದರೆ ಈ ಸೊಳ್ಳೆಗಳು ಕಡಿಮೆಯಾಗುತ್ತವೆ ಅನ್ನುವುದು ಈಗ ಹಲವು ದೇಶಗಳಲ್ಲಿ ನೋಡಿ ತಿಳಿದ ವಿಷಯ. ತಾತನಿಗೆ ಸೊಳ್ಳೆಯ ಚಿಂತೆ ಇರಲಿಲ್ಲ, ನೀರಿನ ಚಿಂತೆ ಇತ್ತು. ಆದರೂ ಪಾಳಿ ಬಿಗಿಯಾಗಿದ್ದ ವರ್ಷ ಊರಿಗೆ ಬೇರೆ ಲಾಭವೂ ಆಗಿರಬಹುದು ಅಂತ ನನಗೆ ಆಗಾಗ ಅನ್ನಿಸುತ್ತದೆ.

ದನ ಇದ್ದ ಮನೆ

ಹಂದಿ ಇದ್ದ ಕಡೆಯೆಲ್ಲ ಮಕ್ಕಳು ಕಾಯಿಲೆ ಬೀಳಬೇಕಿತ್ತು, ಆದರೆ ಬೀಳಲಿಲ್ಲ. ಇಲ್ಲಿ ದನದ ಪಾತ್ರ ಬರುತ್ತದೆ. ದಕ್ಷಿಣ ಭಾರತದಲ್ಲಿ ವಿಷ್ಣುಯಿ ಗುಂಪಿನ ಸೊಳ್ಳೆ ಹಿಡಿದು ಹೊಟ್ಟೆಯಲ್ಲಿ ಯಾರ ರಕ್ತ ಇದೆ ಅಂತ ನೋಡಿದರೆ ಬಹುಪಾಲು ದನದ್ದೇ. ಹಂದಿಯದು ಕಡಿಮೆ, ಮನುಷ್ಯರದು ಇನ್ನೂ ಕಡಿಮೆ. ದನಕ್ಕೆ ಕಚ್ಚಿದ ವೈರಸ್ ಅಲ್ಲೇ ವ್ಯರ್ಥ. ದನದ ರಕ್ತದಲ್ಲಿ ಅದು ಬೆಳೆದು ಇನ್ನೊಂದು ಸೊಳ್ಳೆಗೆ ದಾಟುವುದಿಲ್ಲ. ಹಂದಿ ಕಡಿಮೆ, ದನ ಜಾಸ್ತಿ ಇದ್ದ ಊರಿನಲ್ಲಿ ಸೊಳ್ಳೆಯ ಬಹಳಷ್ಟು ಕಡಿತ ಹೀಗೆ ದಂಡವಾಗುತ್ತದೆ. ಹೈನಿಗೆ ಹೆಸರಾದ ಕೋಲಾರದಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಇದಕ್ಕೆ ಇನ್ನೊಂದು ಮುಖ ಇದೆ. ಕೊಟ್ಟಿಗೆ ಮನೆಗೆ ಅಂಟಿಕೊಂಡೇ ಇದ್ದರೆ ದನ ಹುಡುಕಿಕೊಂಡು ಬಂದ ಸೊಳ್ಳೆ ಜಗುಲಿಯ ಮೇಲೆ ಮಲಗಿದ ಮಗುವನ್ನೂ ಕಚ್ಚುತ್ತದೆ. ದನವೇ ಸೊಳ್ಳೆಗಳ ಸಂಖ್ಯೆ ಹೆಚ್ಚಿಸುತ್ತದೆ, ಹೊಟ್ಟೆ ತುಂಬಿದ ಸೊಳ್ಳೆ ಜಾಸ್ತಿ ಮೊಟ್ಟೆ ಇಡುತ್ತದೆ. ಹಾಗಾಗಿ "ದನ ಸಾಕಿ, ಮೆದುಳು ಜ್ವರ ದೂರ" ಅಂತ ಯಾರಾದರೂ ವಾಟ್ಸಾಪಿನಲ್ಲಿ ಕಳಿಸಿದರೆ ನಂಬಬೇಡಿ. ಕೊಟ್ಟಿಗೆ ಎಲ್ಲಿದೆ, ಹಂದಿ ಎಷ್ಟಿವೆ ಅನ್ನುವುದರ ಮೇಲೆ ಉತ್ತರ ತಿರುಗುತ್ತದೆ.

ಹಂದಿ ಸಾಕುವವರ ವಿಷಯವನ್ನೂ ಇಲ್ಲೇ ಹೇಳುತ್ತೇನೆ. ಕಾಯಿಲೆ ಬಂದಾಗಲೆಲ್ಲ ಮೊದಲ ಬೈಗುಳ ಅವರಿಗೆ. ಹಟ್ಟಿ ಎತ್ತಿಸಿ, ಹಂದಿ ಹಿಡಿಸಿ ಅನ್ನುವ ಗಲಾಟೆ. ಹಂದಿಯನ್ನು ಊರಿಂದ ಕೆಲವು ಕಿಲೋಮೀಟರ್ ಆಚೆ ಇಟ್ಟರೆ ಅನುಕೂಲವಾಗುತ್ತದೆ, ಅದು ನಿಜ. ಆದರೆ ಆಚೆ ಅಂದರೆ ಎಲ್ಲಿ? ಜಾಗ ಕೊಡುವವರು ಯಾರು? ಊರವರೇ ತಳ್ಳಿದ ಜಾಗದಲ್ಲಿ, ಕೆರೆ ಅಂಚಿನಲ್ಲಿ ಅವರ ಮನೆ ಇದೆ. ಅವರ ಮಕ್ಕಳೂ ಅಲ್ಲೇ ಮಲಗುತ್ತಾರೆ.

ಊರಿಗೊಂದು ಮಗು

ಕೋಲಾರದ ಆಗಿನ ಪರಿಸ್ಥಿತಿಯಲ್ಲಿ ಜನರನ್ನು ಗೊಂದಲಕ್ಕೆ ಕೆಡವಿದ್ದು ಕಾಯಿಲೆಯ ಚದುರಿದ ರೀತಿ. ಕಾಲರಾ ಬಂದರೆ ಬೀದಿಗೆ ಬೀದಿಯೇ ಮಲಗುತ್ತದೆ. ಇಲ್ಲಿ ಒಂದು ಊರಿನಲ್ಲಿ ಒಂದು ಮಗು, ಐದು ಮೈಲಿ ಆಚೆ ಇನ್ನೊಂದು. ನಡುವಿನ ಊರಿನಲ್ಲಿ ಯಾರಿಗೂ ಏನೂ ಇಲ್ಲ. ಭಾರತದ ಜೆಇ ಪ್ರಕರಣಗಳಲ್ಲಿ ಇದು ಸಾಮಾನ್ಯ, ಒಂದು ಹಳ್ಳಿಗೆ ಒಂದೋ ಎರಡೋ. ಗಾಳಿ ಸೋಕಿದೆ, ದೇವರ ಮುನಿಸು ಅಂತ ಜನ ಅಂದುಕೊಂಡರೆ ತಪ್ಪೇನು? ಹರಡುವ ರೋಗದ ಲಕ್ಷಣ ಒಂದೂ ಕಾಣುತ್ತಿರಲಿಲ್ಲ.

ಲೆಕ್ಕ ಗೊತ್ತಾದರೆ ಇದು ಬಿಡಿಸಿಕೊಳ್ಳುತ್ತದೆ. ಈ ವೈರಸ್ ತಗುಲಿದ ಸುಮಾರು 250 ಜನರಲ್ಲಿ ಒಬ್ಬರಿಗೆ ಮಾತ್ರ ಮೆದುಳಿಗೆ ಏರುವ ಜೋರು ಕಾಯಿಲೆ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದವರಿಗೆ ಸಣ್ಣ ಜ್ವರ, ಇಲ್ಲವೇ ಅದೂ ಇಲ್ಲ. ಒಂದು ಹಳ್ಳಿಯಲ್ಲಿ ಒಂದು ಮಗು ಮಲಗಿತು ಅಂದರೆ ಸುತ್ತಲಿನ ನೂರಾರು ಜನರನ್ನು ವೈರಸ್ ಮುಟ್ಟಿ ಹೋಗಿದೆ. ನಡುವಿನ ಊರು ತಪ್ಪಿಸಿಕೊಂಡದ್ದಲ್ಲ, ಅಲ್ಲಿ ಚೀಟಿ ಬಿದ್ದಿಲ್ಲ, ಅಷ್ಟೆ. ಕಾಯಿಲೆ ಬಿದ್ದ ಆ ಒಂದು ಮಗುವಿನ ಪಾಲಿಗೆ ಮಾತ್ರ ಇದು ಕ್ರೂರ. ಜೋರು ಕಾಯಿಲೆ ಬಂದವರಲ್ಲಿ ಸಾವು ನೂರಕ್ಕೆ 30ರವರೆಗೆ ಹೋಗುತ್ತದೆ. ಬದುಕಿದವರಲ್ಲೂ ಅನೇಕರಿಗೆ ಕೈಕಾಲು ಸ್ವಾಧೀನ ತಪ್ಪುವುದು, ಮಾತು ಹೋಗುವುದು, ಫಿಟ್ಸ್ ಉಳಿಯುವುದು. ವೈರಸ್ಸನ್ನೇ ಕೊಲ್ಲುವ ಔಷಧ ಇವತ್ತಿಗೂ ಇಲ್ಲ.

ನಾನು ಚಿಕ್ಕವನಿದ್ದಾಗ ಅಂಥ ಒಬ್ಬ ಹುಡುಗ ನಮ್ಮ ಪಕ್ಕದ ಬೀದಿಯಲ್ಲಿದ್ದ. ಮೂರು ವರ್ಷದವನಿದ್ದಾಗ ಜ್ವರ ಬಂದಿತ್ತಂತೆ. ಅವನ ಅಮ್ಮ ಸಂಜೆ ಅವನನ್ನು ಜಗುಲಿಗೆ ಒರಗಿಸಿ ಕೂರಿಸಿ, ರಾಗಿ ಗಂಜಿ ಕುಡಿಸುತ್ತಿದ್ದರು. ಅವನ ಓರಗೆಯ ನಾವೆಲ್ಲ ಅದೇ ಗದ್ದೆ ಬಯಲಲ್ಲಿ, ಅದೇ ಸೊಳ್ಳೆ ಕಚ್ಚಿಸಿಕೊಂಡು ಗೋಲಿ ಆಡಿದವರು. ಈ 250ಕ್ಕೆ ಒಂದು ಅನ್ನುವ ಲೆಕ್ಕ ಓದಿದಾಗಲೆಲ್ಲ ನನಗೆ ಅವನ ನೆನಪು.

ವಯಸ್ಸು ಕೂಡ ಒಂದು ಗಡಿಯಾರ. ಕೋಲಾರದಲ್ಲಿ ಮಲಗಿದವರು ಹೆಚ್ಚಾಗಿ ಮಕ್ಕಳು. ವೈರಸ್ ಒಂದು ಸೀಮೆಯಲ್ಲಿ ಬಹಳ ವರ್ಷದಿಂದ ಬೇರೂರಿದ್ದರೆ ದೊಡ್ಡವರಿಗೆಲ್ಲ ಎಂದೋ ಸದ್ದಿಲ್ಲದೆ ಸೋಂಕಿ, ರಕ್ಷಣೆ ಬಂದಿರುತ್ತದೆ. ಉಳಿಯುವವರು ಹೊಸದಾಗಿ ಹುಟ್ಟಿದವರು. ವೈರಸ್ ಹೊಸ ನೆಲಕ್ಕೆ ಕಾಲಿಟ್ಟರೆ ಎಲ್ಲ ವಯಸ್ಸಿನವರೂ ಬೀಳುತ್ತಾರೆ. ಆಸ್ಟ್ರೇಲಿಯಾದ ಆಗ್ನೇಯ ಭಾಗಕ್ಕೆ 2022ರಲ್ಲಿ ಜೆಇ ಮೊದಲ ಸಲ ಇಳಿದಾಗ ಕಾಯಿಲೆ ಬಿದ್ದವರಲ್ಲಿ ವಯಸ್ಸಾದವರೂ ಬಹಳ ಜನ ಇದ್ದರು. ಅಲ್ಲಿಯ ಹಂದಿ ಫಾರ್ಮುಗಳಲ್ಲಿ ಸತ್ತ ಮರಿಗಳು ಹುಟ್ಟತೊಡಗಿದ್ದೇ ಮೊದಲ ಸುಳಿವು. ಈ ಲೆಕ್ಕದಲ್ಲಿ ನೋಡಿದರೆ ಕೋಲಾರದಲ್ಲಿ ವೈರಸ್ 1977ರಲ್ಲಿ ಬಂದ ಹೊಸ ಅತಿಥಿ ಅನ್ನಿಸುವುದಿಲ್ಲ. ನಾವು ಅದನ್ನು ಗುರುತಿಸಿದ್ದು ಆಗ.

ಪಾಲಾರಿನ ಗುಂಟ

ಗುರುತಿಸಿದ್ದು ಆಗ ಅಂದೆ. ಅದಕ್ಕೆ ಆಧಾರ ನಕ್ಷೆಯಲ್ಲೇ ಇದೆ. ಭಾರತದಲ್ಲಿ ಮನುಷ್ಯರಲ್ಲಿ ಜೆಇ ಮೊದಲು ಕಂಡದ್ದು 1955ರಲ್ಲಿ, ವೆಲ್ಲೂರಿನಲ್ಲಿ. ಆಗಿನ ಮದ್ರಾಸ್ ರಾಜ್ಯದ ಉತ್ತರ ಆರ್ಕಾಟ್ ಜಿಲ್ಲೆಯ ಮಕ್ಕಳು. ನಂದಿ ಬೆಟ್ಟದ ಕಡೆ ಹುಟ್ಟುವ ಪಾಲಾರ್ ಕೋಲಾರದ ಕೆರೆಗಳನ್ನು ದಾಟಿ, ಬೇತಮಂಗಲ ಹಾದು ಹೋಗುವುದು ಅದೇ ವೆಲ್ಲೂರಿಗೆ. ಭಾಷೆ ಬದಲಾಗುತ್ತದೆ, ರಾಜ್ಯ ಬದಲಾಗುತ್ತದೆ, ಆದರೆ ನೆಲದ ಪಾಡು ಒಂದೇ: ಒಣ ಬಯಲು, ಕೆರೆ, ಕೆರೆ ಕೆಳಗೆ ಭತ್ತ. ನನ್ನ ಕಣ್ಣಿಗೆ ಕೋಲಾರ ಮತ್ತು ವೆಲ್ಲೂರು ಎರಡು ಪ್ರಕರಣ ಅಲ್ಲ, ಒಂದೇ ಕೆರೆಸೀಮೆಯ ಎರಡು ತುದಿ. ನಡುವಿನ 20 ವರ್ಷ ಈ ತುದಿಯಲ್ಲಿ ಏನೂ ಇರಲಿಲ್ಲ ಅನ್ನುವುದಕ್ಕಿಂತ, ವೆಲ್ಲೂರಿನಲ್ಲಿ ದೊಡ್ಡ ಆಸ್ಪತ್ರೆ ಇತ್ತು, ಹುಡುಕುವವರಿದ್ದರು ಅನ್ನುವುದು ನನಗೆ ಸರಿ ಕಾಣುತ್ತದೆ.

ಹುಡುಕುವುದೂ ಸುಲಭ ಅಲ್ಲ. ಮಗುವಿನ ಬೆನ್ನಿಂದ ನೀರು ತೆಗೆದು ಪರೀಕ್ಷೆಗೆ ಕಳಿಸಬೇಕು. "ಬೆನ್ನಿಗೆ ಸೂಜಿ ಹಾಕಿದರೆ ಕಾಲು ಹೋಗುತ್ತೆ" ಅಂತ ಹೆದರಿ ಮಗುವನ್ನು ಎತ್ತಿಕೊಂಡು ಓಡಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಕಾಲು ಹೋಗುವುದು ಕಾಯಿಲೆಯಿಂದ, ಸೂಜಿಯಿಂದ ಅಲ್ಲ. ಇದರ ಮೇಲೆ ವೆಸ್ಟ್ ನೈಲ್ ಗೊಂದಲ ಬೇರೆ. ಅದು ಜೆಇಯ ಹತ್ತಿರದ ನೆಂಟ. ಅದನ್ನೂ ಹಕ್ಕಿ ಸಾಕುತ್ತದೆ, ಅದನ್ನೂ ಕ್ಯುಲೆಕ್ಸ್ ಹೊರುತ್ತದೆ. ಹಳೆಯ ರಕ್ತ ಪರೀಕ್ಷೆಗಳಲ್ಲಿ ಎರಡೂ ಒಂದನ್ನೊಂದು ಹೋಲುವ ಉತ್ತರ ಕೊಡುತ್ತಿದ್ದವು. ಎಂಬತ್ತರ ದಶಕದ ಶುರುವಿನಲ್ಲಿ ಕರ್ನಾಟಕದಲ್ಲಿ ಮೆದುಳು ಜ್ವರದಿಂದ ತೀರಿಕೊಂಡ ಮಕ್ಕಳ ಮೆದುಳಿನಿಂದ ವೆಸ್ಟ್ ನೈಲ್ ವೈರಸ್ಸೇ ಸಿಕ್ಕಿದ್ದೂ ಉಂಟು. ಆದ್ದರಿಂದ ಮೆದುಳು ಜ್ವರ ಎಂದು ಬರೆದದ್ದೆಲ್ಲ ಜೆಇ ಅಂತ ಎಣಿಸಿಕೊಂಡು ನಕ್ಷೆಗೆ ಬಣ್ಣ ಬಳಿಯುವುದು ತಪ್ಪು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ ವೈರಾಣು ವಿಭಾಗ ಬೆಳೆದ ಮೇಲೆ ನಮ್ಮ ಕಡೆಯ ಲೆಕ್ಕಕ್ಕೆ ಒಂದು ಗಟ್ಟಿತನ ಬಂತು.

ಬೇರೆ ಸೀಮೆಗಳ ಜೊತೆ ಇಟ್ಟು ನೋಡಿದರೆ ಕೋಲಾರದ ಬಣ್ಣ ಇನ್ನೂ ಚೆನ್ನಾಗಿ ಕಾಣುತ್ತದೆ. ಮಂಡ್ಯದಲ್ಲಿ ಕೆರೆಯ ಜಾಗದಲ್ಲಿ ಕಾಲುವೆ. ಕನ್ನಂಬಾಡಿಯಿಂದ ನೀರು ಬಿಡುವ ದಿನವೇ ಅಲ್ಲಿ ಸೊಳ್ಳೆಯ ಯುಗಾದಿ. ಬಳ್ಳಾರಿ, ರಾಯಚೂರು, ಕೊಪ್ಪಳ ಬಿಸಿಲಿಗೆ ಹೆಸರಾದ ಜಿಲ್ಲೆಗಳು, ಆದರೆ 1953ರ ತುಂಗಭದ್ರಾ ಅಣೆಕಟ್ಟು ಆ ಬಿಸಿಲಲ್ಲಿ ಭತ್ತದ ಕಣಜ ಮಾಡಿತು. ಹಿಂದೆಯೇ ಗದ್ದೆಯ ಸೊಳ್ಳೆಗೂ ಜಾಗ ಆಯಿತು. ಕೇರಳದ ಕುಟ್ಟನಾಡಿನಲ್ಲಿ 1996ರ ಶುರುವಿನಲ್ಲಿ ಜೆಇ ಎದ್ದಾಗ ದಾರಿ ಇನ್ನೊಂದು ಥರ. ಸಮುದ್ರ ಮಟ್ಟಕ್ಕಿಂತ ಕೆಳಗಿನ ಗದ್ದೆ, ನೀರಿನ ತುಂಬ ಕಳೆ. ಕಳೆಯ ಬೇರಿಗೆ ಅಂಟಿಕೊಂಡು ಉಸಿರಾಡುವ ಮ್ಯಾನ್ಸೋನಿಯಾ ಸೊಳ್ಳೆಯಲ್ಲೂ ಅಲ್ಲಿ ವೈರಸ್ ಸಿಕ್ಕಿತು. ಗೋರಖ್‌ಪುರದ ತೆರಾಯ್ ಸೀಮೆ, ಅಂದರೆ ಹಿಮಾಲಯದ ತಪ್ಪಲಿನ ಜೌಗು ಬಯಲು, ಎಲ್ಲರಿಗೂ ಗೊತ್ತು. 2005ರಲ್ಲಿ ಉತ್ತರ ಪ್ರದೇಶದಲ್ಲಿ ಸತ್ತವರು 1,300ಕ್ಕೂ ಹೆಚ್ಚು. ಅಲ್ಲಿ ಲಸಿಕೆ ಹಾಕಿದ ಮೇಲೆ ಜೆಇ ಇಳಿಯಿತು, ಆದರೆ ಮೆದುಳು ಜ್ವರ ನಿಲ್ಲಲಿಲ್ಲ. ಹುಡುಕಿದರೆ ದೊಡ್ಡ ಪಾಲು ಸ್ಕ್ರಬ್ ಟೈಫಸ್, ಸೊಳ್ಳೆಗೂ ಅದಕ್ಕೂ ಸಂಬಂಧವೇ ಇಲ್ಲ, ಚಿಗಟಕ್ಕಿಂತ ಚಿಕ್ಕ ನುಸಿಯಿಂದ ಬರುವಂಥದ್ದು.

ಕೋಲಾರದ ವೈರಸ್, ಸೀಸೆಯಲ್ಲಿ

ಎಂಬತ್ತರ ದಶಕದ ಶುರುವಿನಲ್ಲಿ ಕೋಲಾರದ ಒಬ್ಬ ರೋಗಿಯಿಂದ ಸಿಕ್ಕ ಜೆಇ ವೈರಸ್ ಪುಣೆಗೆ ಹೋಯಿತು. 821564ಎಕ್ಸ್‌ವೈ ಅನ್ನುವ ಸಂಖ್ಯೆ ಹೊತ್ತು ದಶಕಗಳ ಕಾಲ ಸಂಸ್ಥೆಯ ಸಂಗ್ರಹದಲ್ಲಿ ಕೂತಿತ್ತು. ಆಮೇಲೆ ಹೈದರಾಬಾದಿನ ಭಾರತ್ ಬಯೋಟೆಕ್ ಆ ವೈರಸ್ಸನ್ನೇ ಬೆಳೆಸಿ, ಕೊಂದು, ಜೆನ್‌ವ್ಯಾಕ್ ಅನ್ನುವ ಲಸಿಕೆ ಮಾಡಿತು. 2013ರಲ್ಲಿ ಅದು ಹೊರಬಂತು. ಪತ್ರಿಕೆಗಳಲ್ಲಿ ಕೋಲಾರದ ಚಿನ್ನದ ಬಗ್ಗೆ ಬಂದಷ್ಟು ಇದರ ಬಗ್ಗೆ ಬರಲಿಲ್ಲ ಅನ್ನುವುದು ನನ್ನ ಸಣ್ಣ ದೂರು.

ಸರ್ಕಾರದ ಲಸಿಕೆ ಕೆಲಸ ಅದಕ್ಕೂ ಮುಂಚೆ, 2006ರಲ್ಲಿ, ಚೀನಾದಿಂದ ತಂದ ಲಸಿಕೆಯೊಂದಿಗೆ ಶುರುವಾಗಿತ್ತು. ಆ ವರ್ಷ ನಾಲ್ಕು ರಾಜ್ಯಗಳ 11 ಜಿಲ್ಲೆಗಳಲ್ಲಿ ನಮ್ಮ ಬಳ್ಳಾರಿಯೂ ಒಂದು. ಕೋಲಾರದಂಥ ಜಿಲ್ಲೆಗಳಿಗೆ ಆಮೇಲೆ ಬಂತು. 2013ರಿಂದ ರೋಗ ಇರುವ ಜಿಲ್ಲೆಗಳ ಮಕ್ಕಳಿಗೆ ಎರಡು ಡೋಸ್: 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳ ನಡುವೆ ಇನ್ನೊಂದು. 2022ರ ಡಿಸೆಂಬರಿನಲ್ಲಿ ರಾಜ್ಯ ಇನ್ನೂ 10 ಜಿಲ್ಲೆಗಳ 1ರಿಂದ 15 ವರ್ಷದ ಸುಮಾರು 48 ಲಕ್ಷ ಮಕ್ಕಳಿಗೆ ಲಸಿಕೆ ಹಾಕುವ ಅಭಿಯಾನ ತೆಗೆದುಕೊಂಡಿತು. ಆ ಪಟ್ಟಿಯಲ್ಲಿ ಹಾಸನ, ದಕ್ಷಿಣ ಕನ್ನಡ, ಉಡುಪಿ ಕೂಡ ಇದ್ದವು. ಶುರುವಿನಲ್ಲಿ ನಾನು ಕೇಳಿದ ಮಲೆನಾಡಿನ ಪ್ರಶ್ನೆಗೆ ಇದೊಂದು ತಿದ್ದುಪಡಿ. ರೋಗ ಆ ಕಡೆಗೆ ಹೊಸದಾಗಿ ನಡೆದು ಹೋಯಿತೋ, ಅಲ್ಲಿ ಈಗ ಪರೀಕ್ಷೆ ಹೆಚ್ಚಾಯಿತೋ? ಎರಡನೆಯದರ ಪಾಲು ಕಡಿಮೆ ಏನಿಲ್ಲ ಅಂತ ನನ್ನ ಊಹೆ.

ಇತ್ತ ಕೋಲಾರವೂ ಬದಲಾಯಿತು. ಕೆರೆಗಳು ಹೂಳು ತುಂಬಿ ಒಣಗಿದವು, ಭತ್ತ ಬಹಳಷ್ಟು ಕಡೆ ಕಾಣೆಯಾಯಿತು, ಬೋರ್‌ವೆಲ್ಲಿನ ಹನಿ ನೀರಿಗೆ ಟೊಮೆಟೊ ಬಂತು. ಜೆಇಗೆ ಬೇಕಾದ ಹಸಿರು ತುಂಡುಗಳು ಚಿಕ್ಕದಾದವು. ಹಾಗಾಗಿ ಕೋಲಾರದಲ್ಲಿ ಕಾಯಿಲೆ ಇಳಿದ ಕೀರ್ತಿಯನ್ನು ಲಸಿಕೆಗೇ ಪೂರ್ತಿ ಕೊಡಲು ನನಗೆ ಮನಸ್ಸಿಲ್ಲ. ಬರವೂ ಪಾಲುದಾರ. ಆಮೇಲೆ 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂದು ಬಿತ್ತು. ಅಲ್ಲಿಂದ ಒಂದಾದ ಮೇಲೆ ಒಂದು ಕೆರೆ ತುಂಬುತ್ತಾ ಹೋಯಿತು. ಈ ನೀರು ಅಂತರ್ಜಲಕ್ಕೆ ಇಳಿಯಲಿ ಅಂತ ಬಿಟ್ಟದ್ದು, ತೂಬಿನಿಂದ ಗದ್ದೆಗೆ ಹಾಯಿಸಲು ಅಲ್ಲ. ಆದರೂ ವರ್ಷವಿಡೀ ತುಂಬಿದ ಕೆರೆ ಅಂದರೆ ವರ್ಷವಿಡೀ ಹಕ್ಕಿ. ಕೊಳೆ ನೀರನ್ನು ಸಹಿಸಿಕೊಳ್ಳುವ ಕ್ಯುಲೆಕ್ಸ್ ಜೆಲಿಡಸ್ ಅನ್ನುವ ಇನ್ನೊಂದು ಸೊಳ್ಳೆಯೂ ಜೆಇ ಹೊರಬಲ್ಲದು. ಕೆರೆ ತುಂಬಿಸಬಾರದು ಅಂತ ನಾನು ಹೇಳುತ್ತಿಲ್ಲ, ಬಾಯಾರಿದ ಜಿಲ್ಲೆಗೆ ಹಾಗೆ ಹೇಳಲು ಬಾಯಿ ಬರಬೇಕಲ್ಲ. ಎಪ್ಪತ್ತರ ದಶಕದ ಲೆಕ್ಕ ಇಟ್ಟುಕೊಂಡು ಈಗಿನ ಕೋಲಾರವನ್ನು ನೋಡಬಾರದು ಅನ್ನುತ್ತಿದ್ದೇನೆ.

ನೋಡುವುದು ಹೇಗೆ? ಲಸಿಕೆ ಮಗುವನ್ನು ಕಾಯುತ್ತದೆ, ಹಕ್ಕಿ, ಹಂದಿ, ಸೊಳ್ಳೆಯ ಸುತ್ತನ್ನು ಮುಟ್ಟುವುದಿಲ್ಲ. ಲಸಿಕೆ ಚೆನ್ನಾಗಿ ಹಾಕಿದ ಜಿಲ್ಲೆಯಲ್ಲಿ ಆಸ್ಪತ್ರೆಯ ನಕ್ಷೆ ಬಿಳಿ ಹಾಳೆಯಾಗುತ್ತದೆ. ವೈರಸ್ ಇದೆಯೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ. ತಿಳಿಯಬೇಕಾದರೆ ನಾಟಿ ಮುಗಿದ ಕೆಲವು ವಾರಕ್ಕೆ ಹಟ್ಟಿಯ ನಾಲ್ಕೈದು ತಿಂಗಳ ಹಂದಿ ಮರಿಗಳ ರಕ್ತ ತೆಗೆದು ನೋಡಬೇಕು. ತಾಯಿಯ ರಕ್ಷಣೆ ಮುಗಿದ ಮರಿ ಅದು, ಅದರ ರಕ್ತದಲ್ಲಿ ಗುರುತು ಇದ್ದರೆ ಈ ವರ್ಷದ್ದೇ. ಪಶು ವೈದ್ಯರೂ ಆರೋಗ್ಯ ಇಲಾಖೆಯವರೂ ಒಂದೇ ಜೀಪಿನಲ್ಲಿ ಹೋಗಬೇಕಾದ ಕೆಲಸ.

ಹೋದ ಕಾರ್ತಿಕದಲ್ಲಿ ಆ ಕಡೆ ಹೋಗಿದ್ದೆ. ನೀರುಗಂಟಿ ತಾತ ಈಗಿಲ್ಲ. ಹತ್ತು ವರ್ಷ ಕ್ರಿಕೆಟ್ ಮೈದಾನವಾಗಿದ್ದ ಕೆರೆಯಲ್ಲಿ ನೀರು ಏರಿಯ ಕಲ್ಲಿಗೆ ಬಡಿಯುತ್ತಿತ್ತು. ಹೊತ್ತು ಮುಳುಗುವಾಗ ಬೆಳ್ಳಕ್ಕಿಗಳು ಗುಂಪು ಗುಂಪಾಗಿ ಜಾಲಿ ಮರಗಳಿಗೆ ಇಳಿದವು. ಏರಿ ಕೆಳಗೆ ಯಾರೋ ಮತ್ತೆ ಒಂದು ತುಂಡು ಭತ್ತ ಇಟ್ಟಿದ್ದರು. ಬೇರೂರಿ ಎರಡು ವಾರ ಆಗಿರಬೇಕು, ಪೈರಿನ ನಡುವೆ ನೀರು ಇನ್ನೂ ಕಾಣುತ್ತಿತ್ತು. ಬದುವಿನ ಮೇಲೆ ನಿಂತ ಹತ್ತು ನಿಮಿಷದಲ್ಲಿ ಮೊಣಕಾಲ ಕೆಳಗೆ ಆರೇಳು ಕಡೆ ಕಚ್ಚಿಸಿಕೊಂಡೆ.